ಅನುವಾದ ಮಾಡಿದರೆ ಕಾಪಿ ಅಲ್ವಾ? ಒಂದು ಅಸೈನ್‌ಮೆಂಟಿನ ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಇಬ್ಬರು ವಿದ್ಯಾರ್ಥಿಗಳಿದ್ದಾರೆ. ಇಬ್ಬರೂ ಆನ್‌ಲೈನ್‌ನಲ್ಲಿ ಎಂ.ಎ. ಸಾರ್ವಜನಿಕ ಆಡಳಿತ ಓದುತ್ತಿದ್ದವರು. ಒಬ್ಬರು ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಡೇಟಾ ಎಂಟ್ರಿ ಆಪರೇಟರ್. ಇನ್ನೊಬ್ಬರು ಬೆಂಗಳೂರಿನಲ್ಲಿ ಖಾಸಗಿ ಕಂಪನಿಯ ಉದ್ಯೋಗಿ. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ, ಫೋನಿನಲ್ಲೂ ಮಾತಾಡಿದವರಲ್ಲ. ಆದರೆ ಒಂದೇ ವಾರ ಅವರು ಅಪ್‌ಲೋಡ್ ಮಾಡಿದ ಅಸೈನ್‌ಮೆಂಟುಗಳಲ್ಲಿ ಮೂರು ಪುಟ ಹೆಚ್ಚುಕಡಿಮೆ ಒಂದೇ ಆಗಿತ್ತು. ಅವನ್ನು ತಿದ್ದುವ ಕೆಲಸ ನನ್ನದಾಗಿತ್ತು.

ಪ್ರಶ್ನೆ ಹಳೆಯದೇ: ಪಂಚಾಯತ್ ರಾಜ್ ವ್ಯವಸ್ಥೆಯಲ್ಲಿ ಮಹಿಳಾ ಮೀಸಲಾತಿಯ ಪರಿಣಾಮವನ್ನು ವಿಮರ್ಶಿಸಿ. ಎಂಟರಿಂದ ಹತ್ತು ಪುಟ, ಕನ್ನಡದಲ್ಲಿ. ಆಂತರಿಕ ಅಂಕಕ್ಕೆ ಸೇರುತ್ತದೆ.

ಹಾವೇರಿಯ ವಿದ್ಯಾರ್ಥಿನಿಯ ಉತ್ತರ ಚೆನ್ನಾಗೇ ಶುರುವಾಗಿತ್ತು. ಎರಡನೇ ಪುಟದಲ್ಲಿ 'ಕಾಯ್ದಿರಿಸಿದ ಆಸನಗಳು' ಎಂದು ಬಂತು. ಮುಂದಿನ ಪುಟದಲ್ಲಿ 'ನಿಂತಿರುವ ಸಮಿತಿ'. ಪಂಚಾಯಿತಿ ಕಚೇರಿಯಲ್ಲಿ ದಿನಾ ಕೆಲಸ ಮಾಡುವವರು 'ಮೀಸಲು ಸ್ಥಾನ' ಅನ್ನುತ್ತಾರೆ, 'ಸ್ಥಾಯಿ ಸಮಿತಿ' ಅನ್ನುತ್ತಾರೆ. ಆಸನ ಕಾಯ್ದಿರಿಸುವುದು ಬಸ್ಸಿನಲ್ಲಿ. ಅಂದರೆ ಆ ಸಾಲುಗಳನ್ನು ಬರೆದವರು ಇವರಲ್ಲ, ಯಾವುದೋ ಅನುವಾದದ ಯಂತ್ರ. ಬೆಂಗಳೂರಿನ ವಿದ್ಯಾರ್ಥಿಯ ಪುಟ ತೆರೆದರೆ ಅಲ್ಲೂ ಅದೇ ಆಸನ, ಅದೇ ನಿಂತಿರುವ ಸಮಿತಿ. ಇಬ್ಬರೂ ಒಂದೇ ಇಂಗ್ಲಿಷ್ ಲೇಖನ ಹುಡುಕಿ, ಅದೇ ಯಂತ್ರಕ್ಕೆ ಹಾಕಿ, ಬಂದದ್ದನ್ನು ಅಂಟಿಸಿದ್ದರು. ಒಂದು ವಾಕ್ಯ ಹೀಗಿತ್ತು:

"ಕಾಯ್ದಿರಿಸಿದ ಆಸನಗಳು ಮಹಿಳೆಯರನ್ನು ಅಧಿಕಾರದ ಕಾರಿಡಾರ್‌ಗಳಿಗೆ ತಂದಿವೆ, ಆದರೆ ನಿಜವಾದ ಶಕ್ತಿಯು ಹೆಚ್ಚಾಗಿ ಪುರುಷ ಸಂಬಂಧಿಕರ ಕೈಯಲ್ಲಿ ಉಳಿದಿದೆ."

ಲೇಖನ ಯಾರದ್ದು, ಯಾವ ವರ್ಷದ್ದು, ಎಲ್ಲಿ ಬಂದದ್ದು ಎಂಬುದು ಎರಡೂ ಉತ್ತರಗಳಲ್ಲಿ ಎಲ್ಲೂ ಇರಲಿಲ್ಲ.

ಆಶ್ಚರ್ಯದ ಸಂಗತಿ ಎಂದರೆ ಸಾಫ್ಟ್‌ವೇರ್ ಇದನ್ನು ಹಿಡಿದಿರಲಿಲ್ಲ. ಹೋಲಿಕೆ ತೋರಿಸುವ ವರದಿಯಲ್ಲಿ ಇಬ್ಬರದ್ದೂ ಒಂದಂಕಿ ಶೇಕಡಾವಾರು. ಈ ಸಾಫ್ಟ್‌ವೇರ್‌ಗಳು ಮುಖ್ಯವಾಗಿ ಮಾಡುವುದು ಅಕ್ಷರ, ಪದಗಳ ಸಾಲನ್ನು ತಮ್ಮ ಸಂಗ್ರಹದಲ್ಲಿರುವ ಪಠ್ಯದ ಜೊತೆ ಹೋಲಿಸುವುದು. ಇಂಗ್ಲಿಷ್ ಮೂಲ, ಕನ್ನಡ ಉತ್ತರ ಆದಾಗ ಸಾಲಿಗೆ ಸಾಲು ಕೂಡುವುದಿಲ್ಲ. ಒಂದೇ ವಾರ ಬಂದ ಈ ಎರಡು ಉತ್ತರಗಳನ್ನು ಅದು ಒಂದರ ಜೊತೆ ಇನ್ನೊಂದನ್ನು ಇಟ್ಟು ಹೋಲಿಸಿರಲೂ ಇಲ್ಲ. ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ನುಡಿಯಂಥ ತಂತ್ರಾಂಶದಲ್ಲಿ ಹಳೆಯ ಫಾಂಟ್ ಬಳಸಿ, ಯೂನಿಕೋಡ್ ಅಲ್ಲದ ರೂಪದಲ್ಲಿ ಟೈಪ್ ಮಾಡಿದ ಕಡತ ಯಂತ್ರದ ಕಣ್ಣಿಗೆ ಕನ್ನಡವೇ ಅಲ್ಲ. ಒಳಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಂಥ ಕಡತದಲ್ಲಿ ಇಡೀ ಪುಸ್ತಕ ಇಳಿಸಿದರೂ ವರದಿ ಸೊನ್ನೆ ತೋರಿಸಬಹುದು. ಪ್ರಾಮಾಣಿಕವಾಗಿ ಬರೆದವರ ಕಡತವನ್ನೂ ಓದಲಾಗದೆ ವಾಪಸ್ ಕಳಿಸಬಹುದು. ಆದ್ದರಿಂದ ವರದಿಯ ಸಂಖ್ಯೆ ನೋಡಿ ತೀರ್ಪು ಕೊಡುವುದು ಕನ್ನಡದ ಮಟ್ಟಿಗಂತೂ ಅಪಾಯ.

ಫೋನ್ ಮಾಡಿದೆ. ಮೊದಲು ಹಾವೇರಿಗೆ.

"ಸರ್ರ, ನಾನು ಕಾಪಿ ಮಾಡಿಲ್ರೀ. ಅದು ಇಂಗ್ಲಿಷ್‌ನ್ಯಾಗ ಇತ್ತು, ನಾನು ಕನ್ನಡಕ್ಕ ಮಾಡೀನ್ರಿ. ಅದು ಕಾಪಿ ಹೆಂಗಾಗ್ತದ್ರಿ?"

ಆ ಪ್ರಶ್ನೆಯಲ್ಲಿ ತಪ್ಪಿಸಿಕೊಳ್ಳುವ ದನಿ ಇರಲಿಲ್ಲ. ಅವರು ನಿಜವಾಗಿ ಹಾಗೇ ನಂಬಿದ್ದರು. ಇಂಗ್ಲಿಷ್ ಲೇಖನ ಹುಡುಕಿ, ಓದಿ, ಕನ್ನಡಕ್ಕೆ ತಂದು, ತಪ್ಪು ತಿದ್ದಿ, ರಾತ್ರಿ ಕೂತು ಜೋಡಿಸಿದ್ದರು. ಕಷ್ಟಪಟ್ಟಿದ್ದೇನೆ, ಹಾಗಾಗಿ ಇದು ನನ್ನದು ಎಂಬ ಲೆಕ್ಕ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ವಿದ್ಯಾರ್ಥಿಗಳು ಹೀಗೇ ಯೋಚಿಸುತ್ತಾರೆ. ನಮ್ಮ ವಿಷಯಗಳಲ್ಲಿ ಕನ್ನಡದ ಸಾಮಗ್ರಿ ಕಡಿಮೆ, ಇಂಗ್ಲಿಷ್‌ನದು ರಾಶಿ. ಅದನ್ನು ಕನ್ನಡಕ್ಕೆ ತರುವುದೇ ಓದು ಅಂತ ಆಗಿಬಿಟ್ಟಿದೆ.

ನಾನು ಅವರಿಗೆ ಹೇಳಿದ್ದು ಇಷ್ಟು. ಭಾಷೆ ಬದಲಾಯಿತು, ಸರಿ. ಆದರೆ ಯಾವ ವಿಚಾರ ಮೊದಲು, ಯಾವುದು ಆಮೇಲೆ, ಯಾವ ಉದಾಹರಣೆ, ಕೊನೆಗೆ ಯಾವ ತೀರ್ಮಾನ ಎಂಬುದೆಲ್ಲ ಆ ಇಂಗ್ಲಿಷ್ ಲೇಖನ ಬರೆದ ಲೇಖಕಿಯ ತಲೆಯಿಂದ ಬಂದದ್ದು. ಅವರು ಹಳ್ಳಿ ಹಳ್ಳಿ ತಿರುಗಿ, ಸದಸ್ಯೆಯರನ್ನು ಮಾತಾಡಿಸಿ ಕಂಡುಕೊಂಡದ್ದು. ಅವರ ಹೆಸರು ತೆಗೆದರೆ ಓದುವವರು ಅದೆಲ್ಲ ನಿಮ್ಮದು ಅಂದುಕೊಳ್ಳುತ್ತಾರೆ. ಹೆಸರು, ವರ್ಷ, ಪುಟ ಕೊಟ್ಟು, ಎರಡು ಸಾಲು ಉದ್ಧರಣ ಚಿಹ್ನೆಯೊಳಗೆ ಹಾಕಿ, ಅನುವಾದ ನನ್ನದು ಎಂದು ಬರೆದಿದ್ದರೆ ಅದು ಸರಿಯಾದ ಕ್ರಮ. ಆದರೆ ಮೂರು ಪುಟಕ್ಕೆ ಹಾಗೆ ಹೆಸರು ಹಾಕಿದರೂ ಅಸೈನ್‌ಮೆಂಟ್ ಆಗುವುದಿಲ್ಲ. ಅದು ಲೇಖಕಿಯ ಅಸೈನ್‌ಮೆಂಟ್ ಆಗುತ್ತದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದರು: "ಹತ್ತು ಪರ್ಸೆಂಟ್ ಒಳಗ ಇದ್ರ ನಡೀತೈತಿ ಅಂತ ಗ್ರೂಪಿನ್ಯಾಗ ಹೇಳಿದ್ರಲ್ರಿ?"

ಈ ಹತ್ತು ಪರ್ಸೆಂಟಿನ ಮಾತು ಪ್ರತಿ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲೂ ಓಡಾಡುತ್ತದೆ. ಅದರ ಮೂಲ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ. ಶೈಕ್ಷಣಿಕ ಪ್ರಾಮಾಣಿಕತೆ ಕಾಪಾಡಲು, ಕೃತಿಚೌರ್ಯ ತಡೆಯಲು ಮಾಡಿದ ನಿಯಮ ಅದು. ಅದರಲ್ಲಿ ಹೋಲಿಕೆ 10 ಶೇಕಡಾವರೆಗೆ ಇದ್ದರೆ ದಂಡ ಇಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಗ್ರೂಪಿನಲ್ಲಿ ಯಾರೂ ಹೇಳದ ಮಾತು ಒಂದಿದೆ. ಈ ನಿಯಮ ಮಹಾಪ್ರಬಂಧ, ಸಂಶೋಧನಾ ಲೇಖನ, ಪುಸ್ತಕದಂಥ ಬರಹಗಳಿಗೆ. ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆಗಳನ್ನು ಅದರ ವ್ಯಾಖ್ಯೆಯಲ್ಲೇ ಹೊರಗಿಟ್ಟಿದ್ದಾರೆ. ಅಲ್ಲಿ ಆಯಾ ಸಂಸ್ಥೆಯ ಸ್ವಂತ ನಿಯಮ ನಡೆಯುತ್ತದೆ. ಹಾಗಾಗಿ ಅಸೈನ್‌ಮೆಂಟಿಗೆ ಹತ್ತರ ರಕ್ಷಣೆ ಅನ್ನುವುದೇ ಇಲ್ಲ. ನಮ್ಮ ಕೋರ್ಸಿನಲ್ಲಿ ಶೇಕಡಾವಾರು ಮಿತಿಯೇ ಇರಲಿಲ್ಲ. ತಿದ್ದುವವರು ವರದಿ ಕೊಡಬೇಕು, ಸಂಯೋಜಕರು ನಿರ್ಧರಿಸಬೇಕು, ಅಷ್ಟೇ.

ಮಹಾಪ್ರಬಂಧಕ್ಕೂ ಆ ಹತ್ತು ಎಂಬುದು ಕದಿಯಲು ಕೊಟ್ಟ ಅಳತೆಯಲ್ಲ. ಹೆಸರು ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಕಾನೂನಿನ ಪಠ್ಯ, ಎಲ್ಲರಿಗೂ ಗೊತ್ತಿರುವ ಮಾತಿನಲ್ಲಿ ಆಕಸ್ಮಿಕವಾಗಿ ಕೂಡುವ 14 ಪದದವರೆಗಿನ ಸಾಲು, ಇವೆಲ್ಲವನ್ನೂ ಹೋಲಿಕೆಯಿಂದ ಹೊರಗಿಡಿ ಅಂತ ಅದೇ ನಿಯಮ ಹೇಳುತ್ತದೆ.

ಆ ಮೂರು ಪುಟ ಹೇಗೆ ಹುಟ್ಟಿದವು ಎಂದು ತಿಳಿಯಬೇಕಿತ್ತು. ನೋಟ್ಸ್ ಎಲ್ಲಿ ಬರೆದುಕೊಳ್ಳುತ್ತೀರಿ ಎಂದು ಕೇಳಿದೆ. ಅವರ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಓದುವುದು, ಬರೆಯುವುದು ಎಲ್ಲ ಫೋನಿನಲ್ಲೇ. ವಾಟ್ಸಾಪ್‌ನಲ್ಲಿ ತನಗೆ ತಾನೇ ಮೆಸೇಜ್ ಕಳಿಸಿಕೊಳ್ಳುವ ಚಾಟ್ ಇದೆಯಲ್ಲ, ಅದೇ ಅವರ ನೋಟ್‌ಬುಕ್. ಅದರ ಸ್ಕ್ರೀನ್‌ಶಾಟ್‌ಗಳನ್ನು ಕಳಿಸಿದರು. ನೋಡಿದಾಗ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಒಂದು ಕಡೆಯಿಂದ ಒತ್ತಿ ಹಿಡಿದು ಎತ್ತಿದ ಒಂದು ಪ್ಯಾರಾ. ಕೆಳಗೆ ಅನುವಾದ ಮಾಡಿದ ಇನ್ನೊಂದು. ನಡುವೆ ಮನೆಗೆ ತರಬೇಕಾದ ಸಾಮಾನಿನ ಪಟ್ಟಿ. ಅದರ ಕೆಳಗೆ ಅವರದ್ದೇ ಎರಡು ಸಾಲು: 'ನಮ್ಮ ಅಧ್ಯಕ್ಷರು ಈಗ ನೇರವಾಗಿ ಕೇಳ್ತಾರ.' ಮತ್ತೆ ಯಾರದ್ದೋ ಪ್ಯಾರಾ. ಎಲ್ಲೂ ಲಿಂಕ್ ಇಲ್ಲ, ಹೆಸರಿಲ್ಲ. ಎರಡು ವಾರ ಬಿಟ್ಟು ಬರೆಯಲು ಕೂತರೆ ಯಾವುದು ಯಾರದ್ದು ಎಂದು ಸ್ವತಃ ಅವರಿಗೇ ಹೇಳಲಾಗುತ್ತಿರಲಿಲ್ಲ.

ಕೃತಿಚೌರ್ಯ ಎಂದ ಕೂಡಲೇ ನಾವು ಕೊನೆಯ ರಾತ್ರಿಯ ಕಟ್-ಪೇಸ್ಟ್ ಬಗ್ಗೆ ಯೋಚಿಸುತ್ತೇವೆ. ಇಲ್ಲಿ ಅದು ಎರಡು ವಾರ ಮೊದಲೇ, ನೋಟ್ಸ್ ಇಡುವ ಹೊತ್ತಿಗೇ ಶುರುವಾಗಿತ್ತು. ಆನ್‌ಲೈನ್ ವಿದ್ಯಾರ್ಥಿಗಳಿಗೆ ಇದು ಇನ್ನೂ ಜಾಸ್ತಿ. ಕಾಲೇಜಿನಲ್ಲಾದರೆ ಲೈಬ್ರರಿಯ ಪುಸ್ತಕ ನೋಡಿ ಕೈಯಲ್ಲಿ ಬರೆದುಕೊಳ್ಳಬೇಕು. ಬರೆಯುವಾಗಲೇ ಮಾತು ಸ್ವಲ್ಪ ನಮ್ಮದಾಗುತ್ತದೆ. ಫೋನಿನಲ್ಲಿ ಬೆರಳು ಒತ್ತಿ ಹಿಡಿದರೆ ಸಾಕು, ಓದದೆಯೇ ಪ್ಯಾರಾ ನಮ್ಮ ಚೀಲಕ್ಕೆ ಬಂದುಬಿಡುತ್ತದೆ.

ಇಬ್ಬರಿಗೂ ಸೊನ್ನೆ ಕೊಡಬೇಕು ಎನ್ನುವುದು ಸಂಯೋಜಕರ ಮೊದಲ ನಿಲುವು. ಅವರ ಮಾತಿನಲ್ಲೂ ನ್ಯಾಯವಿತ್ತು: ತಾವೇ ಕಷ್ಟಪಟ್ಟು ಬರೆದು, ಆರು ಅಂಕ ಕಡಿಮೆ ಪಡೆದ ಉಳಿದ ವಿದ್ಯಾರ್ಥಿಗಳಿಗೆ ಏನು ಹೇಳುತ್ತೀರಿ? ನಾನು ಕೇಳಿದ್ದು ಒಂದೇ. ಇದು ಮೊದಲ ಸೆಮಿಸ್ಟರ್. ಅನುವಾದವೂ ನಕಲು ಎಂದು ಇವರಿಗೆ ಯಾರೂ, ಎಲ್ಲೂ ಹೇಳಿಕೊಟ್ಟಿಲ್ಲ. ಕೈಪಿಡಿಯಲ್ಲಿ 'ಕೃತಿಚೌರ್ಯ ಶಿಕ್ಷಾರ್ಹ' ಎಂಬ ಒಂದು ಸಾಲಿದೆ, ಅಷ್ಟೇ. ಕೊನೆಗೆ ಇಬ್ಬರಿಗೂ ಮತ್ತೆ ಬರೆಯಲು ಅವಕಾಶ ಸಿಕ್ಕಿತು. ಆದರೆ ಎಷ್ಟು ಚೆನ್ನಾಗಿ ಬರೆದರೂ ಅರ್ಧಕ್ಕಿಂತ ಹೆಚ್ಚು ಅಂಕ ಇಲ್ಲ ಎಂಬ ಷರತ್ತು.

ಹಾವೇರಿಯಿಂದ ಬಂದ ಎರಡನೇ ಪ್ರತಿ ನೋಡಿ ಬೇಜಾರಾಯಿತು. ಆ ಕಾರಿಡಾರ್ ವಾಕ್ಯ ಈಗ ಹೀಗಾಗಿತ್ತು:

"ಮೀಸಲು ಸ್ಥಾನಗಳಿಂದ ಮಹಿಳೆಯರು ಅಧಿಕಾರದ ಪಡಸಾಲೆ ತಲುಪಿದ್ದಾರೆ. ಹಾಗಿದ್ದರೂ ವಾಸ್ತವ ಅಧಿಕಾರ ಬಹುಪಾಲು ಗಂಡಸರಾದ ಬಂಧುಗಳ ಹಿಡಿತದಲ್ಲೇ ಇದೆ."

ಕನ್ನಡ ಸುಧಾರಿಸಿದೆ, ನಿಜ. ಆಸನ ಹೋಗಿ ಸ್ಥಾನ ಬಂದಿದೆ. ಆದರೆ ವಾಕ್ಯದ ಎಲುಬು ಅದೇ. ಪದ ಬದಲಿಸಿ ಕೂರಿಸುವ ಇಂಥ ತೇಪೆ ಬರವಣಿಗೆಯೇ ಆನ್‌ಲೈನ್ ಅಸೈನ್‌ಮೆಂಟುಗಳಲ್ಲಿ ನಾನು ಅತಿ ಹೆಚ್ಚು ನೋಡುವುದು. ಪುಟಗಟ್ಟಲೆ ಹೀಗೇ ಇತ್ತು. ಕೊನೆಯಲ್ಲಿ ಗ್ರಂಥಸೂಚಿ ಹೊಸದಾಗಿ ಬಂದಿತ್ತು. ಅದರಲ್ಲಿ ಪಂಚಾಯತ್ ರಾಜ್ ಬಗ್ಗೆ ಧಾರವಾಡದಲ್ಲಿ ಪ್ರಕಟವಾಯಿತು ಎನ್ನುವ ಒಂದು ಪುಸ್ತಕ. ಹುಡುಕಿದೆ. ಅಂಥ ಪುಸ್ತಕ ಯಾವ ಗ್ರಂಥಾಲಯದ ಪಟ್ಟಿಯಲ್ಲೂ ಸಿಗಲಿಲ್ಲ. ಕೇಳಿದಾಗ ಅವರು ನೇರವಾಗಿ ಹೇಳಿದರು: ಚಾಟ್‌ಜಿಪಿಟಿಗೆ ಹಾಕಿ ವಾಕ್ಯ ಬದಲಿಸಿಕೊಟ್ಟು, ಗ್ರಂಥಸೂಚಿಯನ್ನೂ ಕೊಡು ಅಂದಿದ್ದರು. ಅದು ಕೊಟ್ಟಿತು. ಇಂಥ ಯಂತ್ರಗಳು ಇಲ್ಲದ ಪುಸ್ತಕಕ್ಕೆ ಲೇಖಕರು, ಪ್ರಕಾಶಕರು, ವರ್ಷ ಎಲ್ಲವನ್ನೂ ಜೋಡಿಸಿ ಕೊಡುತ್ತವೆ. ನೋಡಲು ಪಕ್ಕಾ ಪುಸ್ತಕದ ಹಾಗೇ ಇರುತ್ತದೆ. ನನ್ನ ದೃಷ್ಟಿಯಲ್ಲಿ ಇದು ಮೂಲ ಹೇಳದಿರುವುದಕ್ಕಿಂತ ದೊಡ್ಡ ತಪ್ಪು. ಹೆಸರು ಬಿಟ್ಟಾಗ ಓದುವವರಿಗೆ ಮಾಹಿತಿ ಸಿಗುವುದಿಲ್ಲ. ಇಲ್ಲದ ಪುಸ್ತಕದ ಹೆಸರು ಹಾಕಿದಾಗ ಸುಳ್ಳು ಮಾಹಿತಿ ಸಿಗುತ್ತದೆ.

ಎಐ ಬರೆದದ್ದೋ ಮನುಷ್ಯರು ಬರೆದದ್ದೋ ಎಂದು ಹೇಳುವ ಪತ್ತೆ ಯಂತ್ರ ಬಳಸಿ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಯಂತ್ರವನ್ನು 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು, ನಿಖರತೆ ಕಡಿಮೆ ಎಂದು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ತೋರಿಸಿಕೊಟ್ಟಂತೆ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಈ ಯಂತ್ರಗಳು ಎಐ ಬರೆದದ್ದು ಎಂದು ಗುರುತು ಹಾಕಿದ್ದವು. ಇಂಗ್ಲಿಷ್‌ನಲ್ಲೇ ಹೀಗಾದರೆ, ಕನ್ನಡದ ಉತ್ತರವನ್ನು ಅವುಗಳ ಮುಂದೆ ಇಟ್ಟು ಒಬ್ಬ ವಿದ್ಯಾರ್ಥಿಯ ಸೆಮಿಸ್ಟರ್ ನಿರ್ಧರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೇಗೆ ಬರೆದಿರಿ ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಕೇಳುವವರ ದನಿ ಗದರಿಸುವ ಹಾಗಿರಬಾರದು, ಅಷ್ಟೇ.

ಆ ಹತ್ತು ನಿಮಿಷ ಒಂದು ಗಂಟೆಯಾಯಿತು. ವಾಟ್ಸಾಪ್ ಚಾಟಿನಲ್ಲಿದ್ದ ಅವರದ್ದೇ ಎರಡು ಸಾಲನ್ನು ನಾನು ಎತ್ತಿದೆ. ಅಧ್ಯಕ್ಷರು ನೇರವಾಗಿ ಕೇಳುತ್ತಾರೆ ಎಂದರೆ ಏನು?

ಅವರು ಹೇಳಿದರು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಮೊದಲ ವರ್ಷ ಸಭೆಗೆ ಅವರ ಜೊತೆ ಗಂಡ ಬಂದು ಕೂರುತ್ತಿದ್ದರು, ಮಾತೆಲ್ಲ ಗಂಡನದ್ದೇ. ಕಚೇರಿಗೆ ಫೋನ್ ಬಂದರೂ ಗಂಡನದ್ದೇ. ನಡಾವಳಿಯನ್ನು ಕಂಪ್ಯೂಟರಿಗೆ ಏರಿಸುವುದು ಈ ಆಪರೇಟರ್ ಕೆಲಸ, ಹಾಗಾಗಿ ಯಾರು ಏನು ಕೇಳಿದರು ಎಂಬುದು ಅವರಿಗೆ ಗೊತ್ತು. ಆಮೇಲೆ ಅಧ್ಯಕ್ಷೆ ತರಬೇತಿಗೆ ಹೋಗಿ ಬಂದರು. ಒಂದು ದಿನ ತಾವೇ ಕಚೇರಿಗೆ ಬಂದು, ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಎಷ್ಟು ಉಳಿದಿದೆ, ಸ್ಕ್ರೀನ್ ಮೇಲೆ ತೋರಿಸವ್ವಾ ಅಂದರು. ಮುಂದಿನ ಸಭೆಯಲ್ಲಿ ನೀರಿನ ಪೈಪ್‌ಲೈನ್ ಬಿಲ್ಲಿನ ಮೇಲೆ ಪ್ರಶ್ನೆ ಎತ್ತಿದರು. ಗಂಡ ಈಗಲೂ ಬರುತ್ತಾರೆ, ಆದರೆ ಹೊರಗಿನ ಕಟ್ಟೆ ಮೇಲೆ ಕೂರುತ್ತಾರೆ.

"ಇದನ್ನ ಯಾಕೆ ಬರೆಯಲಿಲ್ಲ?"

"ಇದೇನ್ ಬರೆಯೋದ್ರಿ ಸರ್ರ? ಇದು ನಮ್ಮೂರಿನ ಸುದ್ದಿ. ಎಂ.ಎ.ಗೆ ದೊಡ್ಡ ದೊಡ್ಡ ಮಾತು ಬೇಕಲ್ರಿ."

ಈ ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಈ ಮಾತು. ಇವರು ಸೋಮಾರಿತನಕ್ಕೆ ನಕಲು ಮಾಡಿದವರಲ್ಲ. ತನ್ನ ಕಣ್ಣೆದುರಿನ ಸಂಗತಿಗೆ, ತನ್ನ ಮಾತಿಗೆ ಬೆಲೆಯಿಲ್ಲ ಎಂದುಕೊಂಡು ಬೇರೆಯವರ ಮಾತಿನ ಹಿಂದೆ ನಿಂತವರು. ಪಂಚಾಯಿತಿಯೊಳಗೆ ಕೂತು ಕೆಲಸ ಮಾಡುವವರು ಪಂಚಾಯಿತಿ ಬಗ್ಗೆ ದೂರದ ಇಂಗ್ಲಿಷ್ ಲೇಖನದ ಅನುವಾದ ಕೊಡುತ್ತಾರೆ ಎಂದರೆ ಕಲಿಸುವ ನಮ್ಮ ಕ್ರಮದಲ್ಲೇ ಏನೋ ಕೆಟ್ಟಿದೆ.

ಅಂಕದ ಆಸೆಯೊಂದೇ ಕಾರಣವಾಗಿದ್ದರೆ ಅಂಕವೇ ಲೆಕ್ಕಕ್ಕಿಲ್ಲದ ಕಡೆ ನಕಲು ಇರಬಾರದಿತ್ತು. 2012ರ ಆಗಸ್ಟ್‌ನಲ್ಲಿ ಕೋರ್ಸೆರಾ ಎಂಬ ಆನ್‌ಲೈನ್ ಕಲಿಕಾ ತಾಣದ ಉಚಿತ ಕೋರ್ಸುಗಳಲ್ಲಿ ಡಜನ್‌ಗಟ್ಟಲೆ ನಕಲು ದೂರುಗಳು ಬಂದವು. ಮಿಷಿಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎರಿಕ್ ರಾಬ್ಕಿನ್ ನಡೆಸುತ್ತಿದ್ದ ವೈಜ್ಞಾನಿಕ ಕಥಾಸಾಹಿತ್ಯದ ಕೋರ್ಸ್ ಅವುಗಳಲ್ಲಿ ಒಂದು. ಅಲ್ಲಿ ಪದವಿ ಇಲ್ಲ, ಕ್ರೆಡಿಟ್ ಇಲ್ಲ. ಚಿಕ್ಕ ಪ್ರಬಂಧ ಬರೆಯಬೇಕು, ಸಹಪಾಠಿಗಳೇ ಅದನ್ನು ಓದಿ ಅಂಕ ಹಾಕಬೇಕು. ಆದರೂ ಜನ ವಿಕಿಪೀಡಿಯದಿಂದ ಎತ್ತಿ ಹಾಕಿದ್ದರು. ಆಮೇಲೆ ಕೋರ್ಸೆರಾ ಪ್ರತಿ ಸಲ್ಲಿಕೆಗೂ 'ಇದು ನನ್ನದೇ ಬರಹ' ಎಂದು ಗುರುತು ಹಾಕುವ ಪೆಟ್ಟಿಗೆ ಸೇರಿಸಿತು. ಅಂಥ ಪೆಟ್ಟಿಗೆ ನಮ್ಮ ಪೋರ್ಟಲ್‌ನಲ್ಲೂ ಇತ್ತು. ನಮ್ಮ ಇಬ್ಬರೂ ಅದರಲ್ಲಿ ಗುರುತು ಹಾಕಿದ್ದರು, ಒಬ್ಬರಂತೂ ಪೂರ್ತಿ ನಂಬಿಕೊಂಡೇ.

ಮೂರನೇ ಪ್ರತಿಗೆ ಮೊದಲು ನಾವು ನೋಟ್ಸ್ ಇಡುವ ಕ್ರಮ ಬದಲಿಸಿದೆವು. ಎರಡು ರೂಪಾಯಿ ಖರ್ಚಿಲ್ಲದ ಉಪಾಯ. ಒಂದು ನೋಟ್‌ಬುಕ್, ಪ್ರತಿ ಪುಟದ ನಡುವೆ ಗೆರೆ. ಎಡಗಡೆ ಬೇರೆಯವರ ಮಾತು: ಹೆಸರು, ವರ್ಷ, ಪುಟ ಅಥವಾ ಲಿಂಕ್ ಮೊದಲು, ಮಾತು ಆಮೇಲೆ. ಹೆಸರಿಲ್ಲದೆ ಎಡಗಡೆ ಏನೂ ಬರೆಯುವ ಹಾಗಿಲ್ಲ. ಬಲಗಡೆ ಅದಕ್ಕೆ ನನ್ನ ಉತ್ತರ: ಒಪ್ಪುತ್ತೇನಾ, ನಮ್ಮಲ್ಲಿ ಹೀಗಿದೆಯಾ, ಏನು ಅರ್ಥವಾಗಲಿಲ್ಲ. ಅಸೈನ್‌ಮೆಂಟ್ ಬರೆಯುವಾಗ ಮೂಲ ಲೇಖನದ ಕಿಟಕಿ ಮುಚ್ಚಿರಬೇಕು, ನೋಟ್‌ಬುಕ್ ಮಾತ್ರ ತೆರೆದಿರಬೇಕು. ಬರೆದು ಮುಗಿದ ಮೇಲೆ ಮೂಲ ತೆಗೆದು, ಅರ್ಥ ತಪ್ಪಿದೆಯಾ, ಸಾಲು ಹಾಗೇ ಬಂದಿದೆಯಾ ಎಂದು ನೋಡಬೇಕು. ಫೋನಿನಲ್ಲೇ ಬರೆಯುವವರು ಬೇರೆಯವರ ಮಾತಿಗೆ ಬೇರೆ ಬಣ್ಣ ಕೊಡಬಹುದು. ಇವರಿಗೆ ನೋಟ್‌ಬುಕ್ಕೇ ಒಗ್ಗಿತು.

ಇನ್ನೊಂದು ಎಚ್ಚರಿಕೆಯೂ ಬೇಕಿತ್ತು. ಕಚೇರಿಯಲ್ಲಿ ಕಂಡದ್ದನ್ನು ಬರೆಯುವಾಗ ಅಧ್ಯಕ್ಷೆಯ ಹೆಸರು, ಊರಿನ ಹೆಸರು ಬೇಡ. ಬಿಲ್ಲಿನ ಮೊತ್ತ ಬೇಡ. ಬರೆಯುವ ಮೊದಲು ಅಧ್ಯಕ್ಷೆಯನ್ನು ಕೇಳಿ ಎಂದೆ. ಕೇಳಿದರು. ಅವರು ನಕ್ಕು, ಬರಿ ಅಂದರಂತೆ.

ಆ ವಾಕ್ಯ ಕೊನೆಗೆ ಬಂದ ರೂಪ ಇದು. ಲೇಖಕಿಯ ಹೆಸರು, ವರ್ಷವನ್ನು ಅವರು ಬರೆದಿದ್ದರು, ನಾನು ಇಲ್ಲಿ ಬಿಟ್ಟಿದ್ದೇನೆ:

"ಮೀಸಲಾತಿಯಿಂದ ಗೆದ್ದವರ ಹೆಸರಿನಲ್ಲಿ ಮನೆಯ ಗಂಡಸರೇ ಅಧಿಕಾರ ನಡೆಸುತ್ತಾರೆ ಎಂದು ಲೇಖಕಿ ಹೇಳುತ್ತಾರೆ. ನಾನು ಕೆಲಸ ಮಾಡುವ ಪಂಚಾಯಿತಿಯಲ್ಲಿ ಮೊದಲ ವರ್ಷ ಹಾಗೇ ಇತ್ತು. ತರಬೇತಿ ಆದ ಮೇಲೆ, ಖರ್ಚಿನ ಲೆಕ್ಕ ಸ್ವತಃ ನೋಡಲು ಶುರು ಮಾಡಿದ ಮೇಲೆ ಬದಲಾಯಿತು. ಹಾಗಾಗಿ ಲೇಖಕಿಯ ಮಾತು ಅವಧಿಯ ಶುರುವಿಗೆ ಹೆಚ್ಚು ಹೊಂದುತ್ತದೆ, ಪೂರ್ತಿ ಅವಧಿಗೆ ಅಲ್ಲ ಎಂದು ನನಗೆ ಅನಿಸುತ್ತದೆ."

ಈ ಪ್ಯಾರಾದಲ್ಲಿ ಯಾರ ಮಾತು ಎಲ್ಲಿ ಮುಗಿಯಿತು, ಇವರ ಮಾತು ಎಲ್ಲಿ ಶುರುವಾಯಿತು ಎಂಬುದು ಗೆರೆ ಎಳೆದ ಹಾಗೆ ಕಾಣುತ್ತದೆ. ಕೊನೆಯ ಸಾಲಿನಲ್ಲಿ ಒಂದು ವಿಮರ್ಶೆಯೂ ಇದೆ. ಪ್ರಶ್ನೆ ಕೇಳಿದ್ದೂ ಅದನ್ನೇ. ಇತಿಹಾಸದ ಭಾಗವನ್ನೂ ಅವರು ಚಿಕ್ಕದಾಗಿ, ಸ್ವಂತ ಮಾತಿನಲ್ಲಿ ಬರೆದರು: 1983ರ ಪಂಚಾಯಿತಿ ಕಾಯ್ದೆಯಲ್ಲೇ ಕರ್ನಾಟಕ ಮಹಿಳೆಯರಿಗೆ 25 ಶೇಕಡಾ ಸ್ಥಾನ ಇಟ್ಟದ್ದು, 1987ರಲ್ಲಿ ಚುನಾವಣೆ ನಡೆದದ್ದು, ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ದೇಶಕ್ಕೆಲ್ಲ ಕನಿಷ್ಠ ಮೂರನೇ ಒಂದು ಭಾಗ ಕಡ್ಡಾಯ ಮಾಡಿದ್ದು, ನಮ್ಮಲ್ಲಿ ಅದು ಅರ್ಧಕ್ಕೆ ಏರಿದ್ದು. ಇವು ಎಲ್ಲರಿಗೂ ಗೊತ್ತಿರುವ ಸಂಗತಿ. ಪ್ರತಿ ವರ್ಷಕ್ಕೂ ಅಡಿಟಿಪ್ಪಣಿ ಬೇಡ, ಆದರೆ ವಾಕ್ಯ ನಿಮ್ಮದಿರಲಿ ಎಂದು ಹೇಳಿದ್ದೆ. ಪಂಚಾಯಿತಿ ಸ್ಥಾನಗಳ ಮೀಸಲಾತಿ ಕುರಿತ ಸಂವಿಧಾನದ 243ಡಿ ವಿಧಿಯನ್ನು ಮಾತ್ರ ಉದ್ಧರಣ ಚಿಹ್ನೆಯೊಳಗೆ ಹಾಗೇ ಕೊಟ್ಟರು. ಕಾನೂನಿನ ಪಠ್ಯವನ್ನು ಬದಲಿಸಿ ಬರೆದರೆ ಅರ್ಥವೇ ಕೆಡುತ್ತದೆ.

ಈ ಪ್ರತಿಯ ಹೋಲಿಕೆ ಶೇಕಡಾವಾರು ಮೊದಲ ಪ್ರತಿಗಿಂತ ಜಾಸ್ತಿ ಬಂತು! ವಿಧಿಯ ಪಠ್ಯ ಮತ್ತು ಗ್ರಂಥಸೂಚಿಯ ಸಾಲುಗಳಿಗೆಲ್ಲ ಸಾಫ್ಟ್‌ವೇರ್ ಬಣ್ಣ ಹಚ್ಚಿತ್ತು. ವಿದ್ಯಾರ್ಥಿನಿ ಗಾಬರಿಯಾಗಿ ಫೋನ್ ಮಾಡಿದರು. ಬಣ್ಣ ಹಚ್ಚಿದ ಒಂದೊಂದು ಸಾಲನ್ನೂ ಒಟ್ಟಿಗೆ ನೋಡಿದೆವು. ಪ್ರತಿಯೊಂದರ ಪಕ್ಕದಲ್ಲೂ ಮೂಲ ಇತ್ತು. ಕದ್ದ ಪ್ರತಿಗೆ ಕಡಿಮೆ, ಪ್ರಾಮಾಣಿಕ ಪ್ರತಿಗೆ ಹೆಚ್ಚು. ಸಂಯೋಜಕರಿಗೆ ಎರಡೂ ವರದಿಗಳನ್ನು ಜೊತೆಯಲ್ಲಿಟ್ಟು ಕಳಿಸಿದೆ. ಷರತ್ತಿನ ಪ್ರಕಾರ ಅರ್ಧ ಅಂಕವೇ ಸಿಕ್ಕಿತು. ಅದು ನ್ಯಾಯವೇ ಎಂದು ನನಗೆ ಅನಿಸುತ್ತದೆ, ಅವರಿಗೂ ಅನಿಸಿತು.

ಬೆಂಗಳೂರಿನ ವಿದ್ಯಾರ್ಥಿಯ ಕತೆ ಹೀಗಾಗಲಿಲ್ಲ. ಅವರು ಎರಡನೇ ಸಲ ಕಳಿಸಿದ್ದೂ ಪದ ಬದಲಿಸಿದ ಪ್ರತಿಯೇ. ಮಾತಾಡಲು ಸಮಯ ಕೇಳಿದರೆ ಆಫೀಸಿನ ಒತ್ತಡ ಎಂದರು. ಅವರ ಒತ್ತಡ ಸುಳ್ಳಲ್ಲ, ರಾತ್ರಿ ಪಾಳಿಯ ಕೆಲಸ. ಆ ಅಸೈನ್‌ಮೆಂಟಿಗೆ ಸೊನ್ನೆ ಬಂತು. ಅವರಿಗೆ ಬರೆಯಲು ಪಂಚಾಯಿತಿಯ ಅನುಭವ ಇರಲಿಲ್ಲ, ಅದೂ ನಿಜ. ಆದರೆ ಓದಿದ ಎರಡು ಲೇಖನಗಳ ಹೆಸರು ಹೇಳಿ, ಅವು ಎಲ್ಲಿ ಒಂದನ್ನೊಂದು ಒಪ್ಪುವುದಿಲ್ಲ ಎಂದು ತೋರಿಸಿದ್ದರೂ ಸಾಕಿತ್ತು. ಅದಕ್ಕೆ ಅನುಭವ ಬೇಡ, ಓದಿದರೆ ಸಾಕು.

ಮುಂದಿನ ಬ್ಯಾಚಿಗೆ ವಿಭಾಗ ಎರಡು ಬದಲಾವಣೆ ಮಾಡಿತು. ಮೊದಲ ವಾರದಲ್ಲೇ ಒಂದು ಪುಟದ ಅಭ್ಯಾಸ: ಒಂದು ಇಂಗ್ಲಿಷ್ ಪ್ಯಾರಾ ಕೊಟ್ಟು, ಮೂಲ ಹೇಳಿ ಕನ್ನಡದಲ್ಲಿ ಸಾರಾಂಶ ಬರೆಸುವುದು. ಇದಕ್ಕೆ ಅಂಕವಿಲ್ಲ, ತಿದ್ದಿ ವಾಪಸ್ ಕೊಡುತ್ತೇವೆ. ಎರಡನೆಯದು, ಪ್ರಶ್ನೆಗೆ ಒಂದು ಸಾಲು ಸೇರಿತು: ನೀವು ಕಂಡ ಅಥವಾ ಓದಿದ ಒಂದು ಪಂಚಾಯಿತಿಯನ್ನು ಆಧಾರವಾಗಿಟ್ಟುಕೊಂಡು. ಸಿದ್ಧ ಉತ್ತರಗಳ ಪಿಡಿಎಫ್ ಗ್ರೂಪುಗಳಲ್ಲಿ ಈಗಲೂ ಓಡಾಡುತ್ತಿದೆ. ಅದರಲ್ಲಿ ಈ ಸಾಲಿಗೆ ಉತ್ತರ ಇನ್ನೂ ಬಂದಿಲ್ಲ. ಬಂದ ದಿನ ಪ್ರಶ್ನೆಯನ್ನು ಮತ್ತೆ ಬದಲಿಸಬೇಕಾಗುತ್ತದೆ, ಅದಕ್ಕೆ ಪ್ರತಿ ಸೆಮಿಸ್ಟರ್ ಶುರುವಿನಲ್ಲಿ ಪ್ರಶ್ನೆ ಪರಿಶೀಲನೆಗೆಂದು ಒಂದು ಸಭೆ ಇಟ್ಟುಕೊಂಡಿದ್ದೇವೆ.